ಕೂತವರು, ನಿಂತವರು

ನಾಲ್ಕೂಮುಕ್ಕಾಲಿನ ಎಣಿಕೆಯಲ್ಲಿ ನಿಂತವರು ಇನ್ನೂರ ಹನ್ನೆರಡು ಎಂದು ಬರೆದು ತಲೆಯೆತ್ತುವಷ್ಟರಲ್ಲಿ ಅದು ಸುಳ್ಳಾಗಿತ್ತು. ಬಾಗಿಲಿನಿಂದ ಹತ್ತಾರು ಮಂದಿ ಒಳಗೆ ಬಂದಿದ್ದರು, ಹೆಚ್ಚುಕಡಿಮೆ ಅಷ್ಟೇ ಮಂದಿ ಪ್ಲಾಟ್‌ಫಾರ್ಮಿನ ಕಡೆ ಸರಿದುಹೋಗಿದ್ದರು, ಬೆಂಚಿನ ಮೇಲಿದ್ದ ಮೂವರು ಎದ್ದಿದ್ದರು, ಅವರ ಜಾಗದ ಬಿಸಿ ಆರುವ ಮೊದಲೇ ಬೇರೆ ಮೂವರು ಕೂತಿದ್ದರು. ನಕ್ಷೆಗಾರ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಕಂಬದ ಬುಡದ ಸಿಮೆಂಟು ಕಟ್ಟೆಯ ಮೇಲೆ ಕಾಲು ಬದಲಾಯಿಸಿ ನಿಂತ. ಎಡಮಂಡಿ ಆಗಲೇ ಚುಚ್ಚುತ್ತಿತ್ತು. ಮೂವತ್ತೊಂದು ವರ್ಷ ಮೇಜಿನ ಮೇಲೆ ಬಗ್ಗಿ ನಿಲ್ದಾಣಗಳ ನಕ್ಷೆ ಬರೆದವನಿಗೆ ಈಗ ಬರೆಯುವ ಕೆಲಸವಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತ ಹುಡುಗಿಯರು ಅರ್ಧ ಗಂಟೆಯಲ್ಲಿ ಬರೆದು ಮುಗಿಸುತ್ತಿದ್ದರು. ಆಫೀಸಿನಲ್ಲಿ ಅವನನ್ನು ಹಿಂದಿನಿಂದ ‘ಇಂಚುಪಟ್ಟಿ’ ಎನ್ನುತ್ತಿದ್ದರು, ಅದು ಅವನಿಗೆ ಗೊತ್ತಿತ್ತು, ಗೊತ್ತಿದೆಯೆಂಬುದು ಅವರಿಗೂ ಗೊತ್ತಿತ್ತು. ಅವನಿಗಿಂತ ಹನ್ನೆರಡು ವರ್ಷ ಚಿಕ್ಕವಳಾದ ಎಂಜಿನಿಯರಮ್ಮ ನಿನ್ನೆ ಕರೆದು, ಹಜಾರದ ಎಂಟೂ ಬೆಂಚುಗಳನ್ನು ತೆಗೆದುಬಿಡುವ ಯೋಚನೆಯಿದೆ, ತೆಗೆದರೆ ಇನ್ನೂ ನೂರೈವತ್ತು ಜನ ನಿಲ್ಲಬಹುದು, ಒಂದು ಸಂಜೆ ನಿಂತು ಎಣಿಸಿಕೊಂಡು ಬನ್ನಿ ಎಂದಿದ್ದಳು. ಎಣಿಸಿ ನೋಡಿದ ಮೇಲೆ ತೀರ್ಮಾನವೋ, ತೀರ್ಮಾನವಾದ ಮೇಲೆ ಎಣಿಕೆಯೋ ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅವನದು ಎತ್ತಿದ ಕೈ.

ಹಾಳೆಯ ಮೇಲೆ ಎರಡೇ ಅಂಕಣಗಳು: ಕೂತವರು, ನಿಂತವರು. ಕಾಲುಗಂಟೆಗೊಮ್ಮೆ ತುಂಬಬೇಕು. ಮೊದಲ ಒಂದು ತಾಸು ಅವನಿಗೆ ಅವಮಾನದ ಹೊರತು ಬೇರೇನೂ ಕಂಡಿರಲಿಲ್ಲ. ಆಮೇಲೆ ನಿಧಾನವಾಗಿ, ಕತ್ತಲೆಗೆ ಕಣ್ಣು ಹೊಂದಿಕೊಂಡ ಹಾಗೆ, ಜನ ಕಾಣಲು ಶುರುವಾದರು. ಈ ಹಜಾರವನ್ನು ಅವನು ಜೀವಮಾನದಲ್ಲಿ ನಲವತ್ತು ಸಲವಾದರೂ ಬರೆದಿದ್ದಾನೆ, ಆದರೆ ಬರೆದದ್ದೆಲ್ಲ ಸೂರನ್ನು ಕಿತ್ತು ಆಕಾಶದಿಂದ ನೋಡಿದಂತೆ. ಅಲ್ಲಿಂದ ಮನುಷ್ಯ ಒಂದು ಚುಕ್ಕೆ. ಇಲ್ಲಿ ಚುಕ್ಕೆಗಳಿಗೆ ಮೊಣಕೈಗಳಿದ್ದವು. ಬೆಂಚಿನ ತುದಿಗೆ ಬಂದು ನಿಂತವಳ ಮುಖವನ್ನು ಕೂತವನು ನೋಡುವುದಿಲ್ಲ, ಆದರೆ ಅವನ ಚೀಲ ತಾನಾಗಿ ತೊಡೆಯ ಮೇಲಕ್ಕೆ ಏರುತ್ತದೆ, ಅವಳು ಕೂರುತ್ತಾಳೆ, ಇಬ್ಬರೂ ಮಾತಾಡುವುದಿಲ್ಲ. ಇನ್ನೆರಡು ನಿಮಿಷದಲ್ಲಿ ಏಳುವವರು ಏಳುವ ಮೊದಲು ಕಾಲುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ. ಅಷ್ಟು ಸಾಕು, ಮೂರನೆಯ ಸಾಲಿನಲ್ಲಿ ನಿಂತವನಿಗೆ ಅದು ಕರೆ. ಯಾವ ಕಾಯಿದೆಯಲ್ಲೂ ಇಲ್ಲದ, ಯಾರೂ ಕಲಿಸದ ಈ ಲೇವಾದೇವಿ ದಿನವೂ ಇಲ್ಲಿ ನಡೆಯುತ್ತಿದೆ, ತಾನು ಇದೇ ಊರಿನಲ್ಲಿ ಇದ್ದುಕೊಂಡು, ಇದೇ ಹಜಾರದ ಮೂಲಕ ಹೋಗಿಬಂದು, ಒಮ್ಮೆಯೂ ನೋಡಿಲ್ಲವಲ್ಲ ಎಂದು ಅವನಿಗೆ ಮೈ ಜುಮ್ಮೆಂದಿತು. ಬೆಂಚು ಖಾಲಿಯಿದ್ದರೂ ಅದರ ಬೆನ್ನಿಗೆ ಒರಗಿ ನಿಂತಿದ್ದವನೊಬ್ಬ ಇದ್ದ. ಅವನು ಯಾವ ಅಂಕಣಕ್ಕೆ? ನಕ್ಷೆಗಾರ ಸ್ವಲ್ಪ ಹೊತ್ತು ಯೋಚಿಸಿ ನಿಂತವರಲ್ಲಿ ಸೇರಿಸಿದ.

ಬೆಂಚುಗಳನ್ನು ಮಾತ್ರ ಅವನು ನೇರವಾಗಿ ನೋಡುತ್ತಿರಲಿಲ್ಲ. ಮುಂಚೆ ಇಲ್ಲಿ ಉದ್ದನೆಯ ಮರದ ಹಲಗೆಗಳಿದ್ದವು. ಆರು ಜನರದ್ದೆಂದು ಲೆಕ್ಕ, ಒತ್ತಿಕೊಂಡರೆ ಒಂಬತ್ತು ಜನ. ಮಧ್ಯಾಹ್ನದ ಹೊತ್ತು ಯಾರ್ಯಾರೋ ಬಂದು ಮಲಗುತ್ತಾರೆಂದು ದೂರು ಬಂದಾಗ ಅಂದಿನ ಸಾಹೇಬರು, ಒದ್ದು ಎಬ್ಬಿಸುವ ಹಾಗಿಲ್ಲ, ಆದರೆ ಮಲಗಲೂಬಾರದು, ಅಂಥದ್ದೇನಾದರೂ ಬರೆಯಿರಿ ಎಂದಿದ್ದರು. ಎರಡು ಸಂಜೆ ಕೂತು ಬರೆದಿದ್ದ. ಕಬ್ಬಿಣದ ಬೆಂಚು, ಒಂದೊಂದು ಆಸನಕ್ಕೆ ಹದಿನೆಂಟು ಇಂಚು, ನಡುನಡುವೆ ಬಗ್ಗಿಸಿದ ಕಂಬಿ. ಕಂಬಿಯ ಎತ್ತರ ಐದು ಇಂಚಾದರೆ ಬಟ್ಟೆ ಮಡಿಸಿಟ್ಟುಕೊಂಡು ಅದರ ಮೇಲೇ ಮಲಗಿಬಿಡುತ್ತಾರೆ, ಒಂಬತ್ತಾದರೆ ಮೊಣಕೈಗೆ ತಾಗುತ್ತದೆ, ಏಳೇ ಸರಿ. ಆ ಏಳನ್ನು ಕಂಡುಕೊಂಡಾಗ ಆದ ಸಂತೋಷ ಅವನಿಗೆ ಇನ್ನೂ ನೆನಪಿದೆ. ಸಾಹೇಬರು ಬೆನ್ನು ತಟ್ಟಿದ್ದರು. ನಕ್ಷೆ ಇಪ್ಪತ್ತಾರು ನಿಲ್ದಾಣಗಳಿಗೆ ಹೋಯಿತು. ಮಲಗುವವರು ಎಂಬುವರಿಗೆ ಆಗ ಮುಖವಿರಲಿಲ್ಲ. ಮುಖ ಬಂದದ್ದು ಎರಡು ವರ್ಷದ ಮೇಲೆ, ಇದೇ ಹಜಾರದಲ್ಲಿ, ಮಟಮಟ ಮಧ್ಯಾಹ್ನ, ಜನವೇ ಇಲ್ಲದ ಹೊತ್ತಿನಲ್ಲಿ. ಅತ್ತಿಗೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಿದ್ದ. ತಾಯಿ ಸತ್ತ ಮೇಲೆ ಅವನ ಮೂಗು ಒರೆಸಿ, ತಲೆ ಬಾಚಿ, ಪರೀಕ್ಷೆಯ ದಿನ ಬಾಗಿಲ ತನಕ ಬಂದು ನಿಲ್ಲುತ್ತಿದ್ದ ಅತ್ತಿಗೆ. ಡ್ರಿಪ್ ಹಾಕಿಸಿಕೊಂಡ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಸ್ವಲ್ಪ ಅಡ್ಡಾಗುತ್ತೇನಪ್ಪ ಎಂದು ಬೆಂಚಿನ ಮೇಲೆ ಒಂದು ಮಗ್ಗುಲಿಗೆ ಬಾಗಿದರು. ಕಂಬಿ ಪಕ್ಕೆಗೆ ಒತ್ತಿತು. ಎದ್ದು ಇನ್ನೊಂದು ಮಗ್ಗುಲಿಗೆ ಬಾಗಿ ನೋಡಿದರು. ಕೊನೆಗೆ ಎರಡೂ ಕೈಯಿಂದ ಕಂಬಿ ಹಿಡಿದುಕೊಂಡು ಅದರ ಮೇಲೆ ಹಣೆಯಿಟ್ಟು ಕೂತರು. ರೈಲು ಬರುವ ಹೊತ್ತಿಗೆ ಹಣೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು.

“ಯಾರಪ್ಪಾ ಇದನ್ನ ಇಟ್ಟಿದ್ದು? ಅವರ ಮನೇಲಿ ಯಾರಿಗೂ ಮೈ ಹುಷಾರು ತಪ್ಪಲ್ವಾ?”

“ಯಾರೋ ಆಫೀಸಿನವ್ರು ಅತ್ತಿಗೆ,” ಎಂದಿದ್ದ.

ಅವನು ಹೇಳಿದ್ದನ್ನೆಲ್ಲ ನಂಬುವ ಹೆಂಗಸು, ಅದನ್ನೂ ನಂಬಿದರು. ಎಂಟು ತಿಂಗಳಿಗೆ ಹೋಗಿಬಿಟ್ಟರು. ಕಂಬಿ ಬರೆದದ್ದನ್ನು ಹೇಗಾದರೂ ಸಮರ್ಥಿಸಿಕೊಳ್ಳಬಹುದಿತ್ತು, ಹೊಟ್ಟೆಪಾಡು, ಸಾಹೇಬರ ಮಾತು. ಆ ‘ಯಾರೋ’ ಎಂಬ ಎರಡಕ್ಷರಕ್ಕೆ ಮಾತ್ರ ಎಲ್ಲಿಯೂ ಸಮಜಾಯಿಷಿ ಸಿಗಲಿಲ್ಲ. ಹಲ್ಲುಜ್ಜುವಾಗ, ಚಪ್ಪಲಿ ಹಾಕಿಕೊಳ್ಳುವಾಗ, ಸುಮ್ಮಸುಮ್ಮನೆ ಅದು ಬಂದು ಎದುರು ನಿಲ್ಲುತ್ತಿತ್ತು.

ಐದೂಕಾಲಿಗೆ ಧ್ವನಿವರ್ಧಕ ಗೊರಗೊರ ಎಂದು, ಮೇಲಿನ ವಿದ್ಯುತ್ ತಂತಿ ಎಲ್ಲೋ ತುಂಡಾಗಿರುವುದರಿಂದ ಎರಡೂ ದಿಕ್ಕಿನ ರೈಲುಗಳು ನಿಂತಿವೆ, ಪ್ರಯಾಣಿಕರು ಸಹಕರಿಸಬೇಕು ಎಂದಿತು. ಯಾರೂ ಬೈಯಲಿಲ್ಲ. ಹಜಾರದ ತುಂಬ ಒಂದು ಉಸಿರು ಹೊರಬಿದ್ದ ಸದ್ದಾಯಿತು, ಅಷ್ಟೇ. ಎಲ್ಲರ ಕೈಗೂ ಫೋನು ಬಂದು, ಇನ್ನೂರೈವತ್ತು ಮನೆಗಳಿಗೆ ಒಂದೇ ಮಾತು ಹೋಯಿತು, ಲೇಟಾಗುತ್ತೆ, ಊಟ ಮಾಡಿಬಿಡಿ. ಪ್ಲಾಟ್‌ಫಾರ್ಮು ಅಪಾಯವೆಂದು ಕಾವಲುಗಾರರು ಅಲ್ಲಿದ್ದವರನ್ನೂ ಒಳಕ್ಕೆ ಕಳಿಸಿದರು. ಹೊರಗೆ ಆಫೀಸುಗಳು, ಅಂಗಡಿಗಳು, ಕಾರ್ಖಾನೆಗಳು ಒಂದಾದ ಮೇಲೊಂದು ಬಿಡುತ್ತಿದ್ದವು, ಬಿಟ್ಟವರೆಲ್ಲ ಬೇರೆ ದಾರಿ ಕಾಣದೆ ಇಲ್ಲಿಗೇ ಬಂದರು. ನೆಲದ ಹಾಸುಗಲ್ಲು ಎರಡಡಿ ಚದರ. ಒಂದು ಸಾಲಿನಲ್ಲಿ ಕಲ್ಲಿಗೆ ಎಷ್ಟು ಪಾದ ಎಂದು ನೋಡಿ ಗುಣಿಸುವುದು ಅವನ ಉಪಾಯ. ಐದೂವರೆಗೆ ಕಲ್ಲಿಗೆ ಎರಡು ಪಾದ. ಐದೂಮುಕ್ಕಾಲಿಗೆ ನಾಲ್ಕು. ಆರು ಗಂಟೆಗೆ ಕಲ್ಲೇ ಕಾಣಲಿಲ್ಲ. ಎಳ್ಳು ಚೆಲ್ಲಿದರೆ ನೆಲಕ್ಕೆ ಬೀಳದು ಎನ್ನುತ್ತಾರಲ್ಲ, ಅದನ್ನು ಅವನು ಮಾತಿನ ಚಂದಕ್ಕೆ ಹೇಳುವುದೆಂದು ತಿಳಿದಿದ್ದ. ಈಗ ತಲೆಗಳನ್ನು ಎಣಿಸಿದ. ಸಾವಿರದ ಇನ್ನೂರು ದಾಟಿದ ಮೇಲೆ ಎಣಿಸುವುದು ಬಿಟ್ಟು ಬರೀ ನೋಡುತ್ತ ನಿಂತ.

ಅಷ್ಟು ಜನರನ್ನು ಒಟ್ಟಿಗೆ ಅವನು ಎಂದೂ ನೋಡಿರಲಿಲ್ಲ ಎಂದಲ್ಲ. ಒಟ್ಟಿಗೆ ಇರುವುದನ್ನು ನೋಡಿರಲಿಲ್ಲ. ಎತ್ತರದ ಕಿಟಕಿಗಳಿಂದ ಇಳಿಬಿಸಿಲು ಓರೆಯಾಗಿ ಬಿದ್ದು ತಲೆಗಳ ಮೇಲೆ ಧೂಳು ಹೊಳೆಯುತ್ತಿತ್ತು. ಹಜಾರ ಒಂದೇ ಮೈಯಂತೆ ಉಸಿರಾಡುತ್ತಿತ್ತು. ಬಾಗಿಲ ಬಳಿ ಒಬ್ಬ ಸರಿದರೆ ಆ ಅಲುಗಾಟ ಭುಜದಿಂದ ಭುಜಕ್ಕೆ ಹರಿದು ಬಂದು ಎದುರು ಗೋಡೆಗೆ ತಾಗಿ ತಣ್ಣಗಾಗುತ್ತಿತ್ತು; ನಡುವೆ ಇದ್ದ ನೂರಾರು ಜನ ಅದನ್ನು ಕೈಯಿಂದ ಕೈಗೆ ದಾಟಿಸಿದಂತೆ. ಯಾರೋ ಒಬ್ಬ ನೀರಿನ ಬಾಟಲಿ ಮೇಲೆತ್ತಿ ‘ಹಿಂದೆ ಕೊಡಿ’ ಎಂದ. ಬಾಟಲಿ ತಲೆಗಳ ಮೇಲೆ ತೇಲಿಕೊಂಡು ಹೋಯಿತು, ಸ್ವಲ್ಪ ಹೊತ್ತಿಗೆ ಖಾಲಿಯಾಗಿ ಅದೇ ದಾರಿಯಲ್ಲಿ ವಾಪಸು ಬಂತು, ಮುಚ್ಚಳ ಸಮೇತ. ಅದು ಒಡೆಯನ ಕೈ ಸೇರುವ ತನಕ ನಕ್ಷೆಗಾರ ಕಣ್ಣು ಕೀಳದೆ ನೋಡಿದ. ನಾಚಿಕೆಯೂ ಆಯಿತು, ಒಂದು ಬಾಟಲಿಗೆ ಇಷ್ಟು ಕರಗುವುದೇ ಎಂದು. ಇವರಿಗೆ ನಿಲ್ಲಲು ಇನ್ನಷ್ಟು ಜಾಗ ಬೇಕೋ ಕೂರಲು ಬೇಕೋ ಎಂದು ತೀರ್ಮಾನಿಸಲು ಕಳಿಸಿದ್ದಾರೆ ತನ್ನನ್ನು, ಒಂದು ಪೆನ್ಸಿಲು ಕೊಟ್ಟು.

ಆ ಮುದುಕಿಯನ್ನು ಅವನು ಐದು ಗಂಟೆಗೇ ಗಮನಿಸಿದ್ದ. ಗಿಡ್ಡ ದೇಹ, ಬಿಳಿ ತುರುಬು, ಕಣ್ಣಾಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದಳು. ಜೊತೆಗೆ ಸೊಸೆ. ಕಂಬದ ಪಕ್ಕದ ಬೆಂಚಿನಲ್ಲಿ ಯಾರೋ ಎದ್ದು ಜಾಗ ಕೊಟ್ಟಿದ್ದರು, ಹತ್ತು ನಿಮಿಷ ಕೂತಿದ್ದಳು, ಆಮೇಲೆ ಮಗು ಎತ್ತಿಕೊಂಡ ಹೆಂಗಸೊಬ್ಬಳು ಬಂದಾಗ ಯಾರೂ ಕೇಳದೆ ತಾನೇ ಎದ್ದು, ಆ ಹೆಂಗಸಿನ ಹೆಗಲು ಒತ್ತಿ ಕೂರಿಸಿಬಿಟ್ಟಳು. ಅವನು ಕೂತವರಿಂದ ಒಂದನ್ನು ಒರೆಸಿ ನಿಂತವರಿಗೆ ಒಂದನ್ನು ಹಾಕುವಷ್ಟರಲ್ಲಿ ಮಗುವಿನ ತಾಯಿ ಕೂತಳು. ಒರೆಸಿದ್ದನ್ನು ಮತ್ತೆ ಬರೆದ. ಆಮೇಲೆ ನೂಕುನುಗ್ಗಲಿನಲ್ಲಿ ಮುದುಕಿ ಒಂದು ಕಡೆ, ಸೊಸೆ ಒಂದು ಕಡೆಯಾಗಿದ್ದರು. ಆರೂವರೆಯ ಎಣಿಕೆಗೆಂದು ಕಣ್ಣು ಹಾಯಿಸಿದಾಗ ಬಿಳಿ ತುರುಬು ಕಂಡಿತು. ನಿಂತವರು, ಎಂದುಕೊಂಡ. ಗೀಟು ಎಳೆದ. ಎಳೆದ ಮೇಲೆ ಅನಿಸಿತು, ಆ ಮುಖದಲ್ಲಿ ಏನೋ ಇಲ್ಲ. ಮತ್ತೆ ನೋಡಿದ. ಕನ್ನಡಕ ಜಾರಿ ಮೂಗಿನ ಮೇಲೆ ವಕ್ರವಾಗಿ ಕೂತಿತ್ತು, ಅವಳು ಅದನ್ನು ಸರಿಪಡಿಸಿಕೊಂಡಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಜನ ತೂಗಿದಾಗ ತೂಗುತ್ತಿದ್ದಳು, ಆದರೆ ಉಳಿದವರು ತೂಗಿ ತಮ್ಮ ಜಾಗಕ್ಕೆ ಬರುವಾಗ ಅವಳ ತಲೆ ಒಂದು ಗಳಿಗೆ ತಡವಾಗಿ ಬರುತ್ತಿತ್ತು. ನಿಂತೇ ಪ್ರಜ್ಞೆ ತಪ್ಪಿದ್ದಳು. ಬೀಳಲು ಜಾಗವಿರಲಿಲ್ಲ, ಅದಕ್ಕೇ ಬಿದ್ದಿರಲಿಲ್ಲ. ಸುತ್ತ ಅಂಟಿಕೊಂಡಿದ್ದ ಎಂಟು ಹತ್ತು ಜನ ತಮಗೆ ಗೊತ್ತಿಲ್ಲದೆಯೇ ಅವಳನ್ನು ಎತ್ತಿ ಹಿಡಿದಿದ್ದರು.

ಅವನು ಕೂಗಬೇಕಿತ್ತು. ಇಡೀ ಹಜಾರದಲ್ಲಿ ಅದು ಕಂಡದ್ದು ಕಟ್ಟೆಯ ಮೇಲೆ ನಿಂತ ಅವನೊಬ್ಬನಿಗೆ. ಆದರೂ ಎಷ್ಟು ಹೊತ್ತು ಸುಮ್ಮನಿದ್ದ? ನಾಲ್ಕು ಉಸಿರು, ಐದು ಉಸಿರು. ಗದ್ದಲವಾದರೆ ಕಾಲ್ತುಳಿತವಾಗುತ್ತದೆ ಎಂದು ಯೋಚಿಸಿದನೆಂದು ಆಮೇಲೆ ತನಗೆ ತಾನೇ ಹೇಳಿಕೊಂಡ, ನಿಜ ಬೇರೆ. ಸಾವಿರ ಮುಖಗಳು ತನ್ನ ಕಡೆ ತಿರುಗುತ್ತವಲ್ಲ ಎಂಬ ಸಂಕೋಚ. ತಾನು ನೋಡಿದ್ದು ತಪ್ಪಾಗಿದ್ದರೆ ನಗೆಪಾಟಲು. ಮುದುಕಿಯ ತಲೆ ಮತ್ತೊಮ್ಮೆ ತಡವಾಗಿ ಬಂತು. ಆಗ ಅವನ ಗಂಟಲಿನಿಂದ ಹೊರಟದ್ದು ಅವನದೇ ದನಿ ಎಂದು ಅವನಿಗೇ ಗುರುತು ಹತ್ತಲಿಲ್ಲ.

“ಬಿಳಿ ತುರುಬಿನ ಅಜ್ಜಿ! ಹಿಡ್ಕೊಳ್ಳಿ ಅವರನ್ನ, ಎಚ್ಚರ ಇಲ್ಲ ಅವರಿಗೆ!”

ಮುಖಗಳು ತಿರುಗಿದವು, ಆದರೆ ಅವನ ಕಡೆ ಅಲ್ಲ. ಎರಡು ಕೈಗಳು ಅವಳ ಕಂಕುಳಿಗೆ ಬಂದವು, ಇನ್ನೆರಡು ತಲೆಗೆ. ನೂಕಾಗಲಿಲ್ಲ, ಕಿರುಚಾಟವಾಗಲಿಲ್ಲ. ‘ಅಜ್ಜಿಗೆ ದಾರಿ’ ಎಂಬ ಮಾತು ಮೆಲ್ಲಗೆ ಹಿಂದೆ ಹಿಂದೆ ಹೋಯಿತು, ಅದು ಹೋದಂತೆಲ್ಲ ಜನ ಹೊಟ್ಟೆ ಒಳಗೆಳೆದುಕೊಂಡು, ಒಬ್ಬರ ಭುಜದ ಹಿಂದೆ ಒಬ್ಬರು ಭುಜ ತೂರಿಸಿ, ಇಲ್ಲದ ಜಾಗವನ್ನು ಹುಟ್ಟಿಸಿದರು. ಸೊಸೆ ‘ಅತ್ತೇ, ಅತ್ತೇ’ ಎನ್ನುತ್ತ ಆ ಸೀಳಿನಲ್ಲಿ ತೂರಿಕೊಂಡು ಬಂದಳು. ಇನ್ನೊಂದು ಕಡೆಯಿಂದ ನರ್ಸಿನ ಬಟ್ಟೆ ತೊಟ್ಟವಳೊಬ್ಬಳು ಬಂದಳು, ಡ್ಯೂಟಿ ಮುಗಿಸಿಯೋ ಡ್ಯೂಟಿಗೆ ಹೊರಟೋ ಇದ್ದವಳು. ಮುದುಕಿಯ ಕೊರಳಿಗೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ ಎಣಿಸಿದಳು. ನಕ್ಷೆಗಾರ ಕಟ್ಟೆಯಿಂದ ಇಳಿದಿದ್ದ. ಅವಳು ಎಣಿಸುವುದನ್ನು ನೋಡಿ ತನ್ನ ಎಣಿಕೆಯ ಹಾಳೆಯನ್ನು ಬೆನ್ನ ಹಿಂದೆ ಮುಚ್ಚಿಕೊಂಡ.

ಮಲಗಿಸಬೇಕು, ಕಾಲು ಸ್ವಲ್ಪ ಮೇಲಿರಬೇಕು, ಎಂದಳು ನರ್ಸು. ಹೃದಯದ್ದೇನಲ್ಲ, ಹೊಟ್ಟೆಗಿಲ್ಲದೆ ಒಂದೂವರೆ ತಾಸು ನಿಂತದ್ದಕ್ಕೆ ರಕ್ತ ಕೆಳಗಿಳಿದಿದೆ, ಮಲಗಿಸಿದರೆ ಸರಿಹೋಗುತ್ತಾರೆ, ನಿಲ್ಲಿಸಿದರೆ ಹೇಳಲಾಗುವುದಿಲ್ಲ. ನೆಲದ ಮೇಲೆ ಮಲಗಿಸುವ ಮಾತೇ ಇರಲಿಲ್ಲ. ಹಿಂದಿನಿಂದ ಒಂದು ಅಲೆ ಬಂದರೆ ತುಳಿದುಬಿಡುತ್ತಾರೆ. ಹೊರಗೆ ಸಾಗಿಸುವುದಕ್ಕೆ ಬಾಗಿಲ ತನಕ ಅರವತ್ತು ಅಡಿ ಜನ. ಬೆಂಚಿನ ಮೇಲಿದ್ದ ಆರೂ ಮಂದಿ ಆಗಲೇ ಎದ್ದು ನಿಂತಿದ್ದರು. ಮುದುಕಿಯನ್ನು ಎತ್ತಿ ತಂದವರು ಬೆಂಚಿನ ಮುಂದೆ ಬಂದು ನಿಂತೇಬಿಟ್ಟರು. ಐದು ಕಂಬಿಗಳು.

“ಇದೊಂದು ಕರ್ಮ,” ಎಂದಳು ಎದ್ದವರಲ್ಲಿ ಒಬ್ಬಳು, ಯಾವುದೋ ಆಫೀಸಿನ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ದಪ್ಪನೆಯ ಹೆಂಗಸು. ಲಿಫ್ಟ್ ರಿಪೇರಿಯವನೊಬ್ಬ ಸಲಕರಣೆ ಚೀಲ ಕೆಳಗಿಟ್ಟು ಕಂಬಿ ಹಿಡಿದು ಅಲುಗಿಸಿ ನೋಡಿದ. ಅಲುಗಲಿಲ್ಲ. ಅಲುಗಬಾರದೆಂದೇ ನಕ್ಷೆಗಾರ ನಾಲ್ಕು ಬೋಲ್ಟು ಬರೆದಿದ್ದ. ಮುದುಕಿಯ ತಲೆ ಯಾರದೋ ತೋಳಿನ ಮೇಲೆ ಹಿಂದಕ್ಕೆ ಜೋತಿತ್ತು. ನಕ್ಷೆಗಾರನಿಗೆ ಕಂಬಿಯೊಂದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಅದರ ಮೇಲಿನ ಬಣ್ಣ ಜನರ ಕೈ ತಾಗಿ ತಾಗಿ ಸವೆದು ಹೊಳೆಯುತ್ತಿತ್ತು, ಆ ಹೊಳಪಿನ ಮೇಲೆ ಹಣೆಯಿಟ್ಟು ಕೂತಂತೆ ಯಾರೋ. ಆಮೇಲೆ ಲೆಕ್ಕ ತಾನಾಗಿ ಬಂತು. ಅವನು ಕರೆಯದೆಯೇ ಬಂತು, ಮೂವತ್ತೊಂದು ವರ್ಷದ ಅಭ್ಯಾಸ. ಮನುಷ್ಯನ ತೊಡೆ ಕೂತಾಗ ಐದು ಇಂಚು, ಐದೂವರೆ. ಅದರ ಮೇಲೆ ಎರಡು ಇಂಚು ಏನಾದರೂ ಇಟ್ಟರೆ.

“ನಾಲ್ಕು ಜನ ಕೂತ್ಕೊಳ್ಳಿ,” ಎಂದ. “ತೊಡೆ ಮೇಲೆ ಮಲಗಿಸೋಣ. ಒಂದೊಂದು ಸೀಟು ಹದಿನೆಂಟು ಇಂಚು, ನಾಲ್ಕು ಸೀಟಿಗೆ ಆರಡಿ, ಅಜ್ಜಿ ಐದಡಿ ಮೇಲಿಲ್ಲ. ಕಂಬಿ ಏಳಿಂಚಿದೆ. ತೊಡೆ ಮೇಲೆ ಚೀಲನೋ ಬಟ್ಟೆನೋ ಇಟ್ಕೊಂಡ್ರೆ ಕಂಬಿಗಿಂತ ಮೇಲೆ ಬರುತ್ತೆ. ಒತ್ತಲ್ಲ.”

ನರ್ಸು ಅವನನ್ನು ನೋಡಿದಳು. “ಏಳಿಂಚು ಅಂತ ಗ್ಯಾರಂಟಿನಾ? ಬೆನ್ನಿಗೆ ಒತ್ತಿದ್ರೆ ಕಷ್ಟ.”

“ಗ್ಯಾರಂಟಿ. ಇದನ್ನ ಬರೆದಿದ್ದು ನಾನೇ.”

ಹೇಳಿಬಿಟ್ಟಿದ್ದ. ಏಳು ವರ್ಷದಿಂದ ನಾಲಿಗೆಯ ಬುಡದಲ್ಲಿ ಕೂತದ್ದು, ಅಪರಿಚಿತರ ಮುಂದೆ, ಕಿಕ್ಕಿರಿದ ಹಜಾರದಲ್ಲಿ. ಅವನು ಕಾದ. ಕ್ಯಾಂಟೀನಿನವಳು ಏನಾದರೂ ಅನ್ನುತ್ತಾಳೆ, ಲಿಫ್ಟಿನವನು ತಿರುಗಿ ನೋಡುತ್ತಾನೆ, ನೀನೇ ಏನಯ್ಯಾ ಆ ಮಹಾಶಯ ಎನ್ನುತ್ತಾರೆ. ಹಾಗೆ ಅನ್ನಲಿ ಎಂದು ಒಂದು ಗಳಿಗೆ ಆಸೆಯೂ ಆಯಿತು.

“ಸರಿ ಹಾಗಾದ್ರೆ,” ಎಂದಳು ನರ್ಸು, “ನೀವು ಈ ತುದೀಲಿ ಕೂತ್ಕೊಳ್ಳಿ ಸಾರ್. ತಲೆ ನಿಮ್ಮ ಕಡೆ.”

ಅಷ್ಟೇ. ಯಾರಿಗೂ ಅದಕ್ಕೆ ಪುರಸೊತ್ತಿರಲಿಲ್ಲ. ಅವನು ಕೂತ. ಅವನ ಪಕ್ಕ ಲಿಫ್ಟಿನವನು, ಆಚೆ ಕ್ಯಾಂಟೀನಿನವಳು, ಕೊನೆಗೆ ಕಂತೆ ಕಂತೆ ಉತ್ತರಪತ್ರಿಕೆ ಹಿಡಿದಿದ್ದ ಒಬ್ಬ ಮೇಷ್ಟ್ರು. ಲಿಫ್ಟಿನವನು ಕೋಟು ಬಿಚ್ಚಿ ಮಡಿಸಿ ತೊಡೆಯ ಮೇಲೆ ಹಾಕಿಕೊಂಡ. ಕಾಲು ಮೇಲಿರಬೇಕಲ್ಲ ಎಂದು ಮೇಷ್ಟ್ರು ಎರಡು ತರಗತಿಯ ಉತ್ತರಪತ್ರಿಕೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡರು. ಕ್ಯಾಂಟೀನಿನವಳು ತನ್ನ ತೊಡೆಯನ್ನೂ ಕಂಬಿಯನ್ನೂ ನೋಡಿ, ನನಗೇನೂ ಬೇಡಪ್ಪ, ದೇವರೇ ಕೊಟ್ಟುಬಿಟ್ಟಿದ್ದಾನೆ ಎಂದಳು. ಸೊಸೆಗೆ ಅಳುವಿನ ನಡುವೆ ನಗು ಬಂದು ಬಾಯಿ ಮುಚ್ಚಿಕೊಂಡಳು. ನಕ್ಷೆಗಾರ ತನ್ನ ಕೈಚೀಲವನ್ನು ತೊಡೆಯ ಮೇಲಿಟ್ಟ, ಅದು ಸಾಲಲಿಲ್ಲ, ಎಣಿಕೆಯ ಹಾಳೆಗಳಿದ್ದ ದಪ್ಪ ರಟ್ಟಿನ ಫೈಲನ್ನೂ ಅದರ ಮೇಲಿಟ್ಟ, ಮೇಲೆ ಕರವಸ್ತ್ರ ಹಾಸಿದ. ಆರು ಜನ ಕೂಡಿ ಮುದುಕಿಯನ್ನು ಇಳಿಸಿದರು. ಒಬ್ಬೊಬ್ಬರ ತೊಡೆಯೂ ಭಾರ ತೆಗೆದುಕೊಳ್ಳುವುದು ಅವನಿಗೆ ಸಾಲಾಗಿ ತಿಳಿಯಿತು, ಕೊನೆಯದಾಗಿ ತಲೆ ಬಂತು, ಅವನು ಎರಡೂ ಅಂಗೈಯಲ್ಲಿ ಹಿಡಿದು ಇಟ್ಟುಕೊಂಡ. ಬಗ್ಗಿ ಪಕ್ಕದಿಂದ ನೋಡಿದ. ಕಂಬಿಗೂ ಅವಳ ಬೆನ್ನಿಗೂ ನಡುವೆ ಒಂದು ಬೆರಳಿನ ಬೆಳಕಿತ್ತು.

ನರ್ಸು ಹೇಳಿದ ಹಾಗೆಯೇ ಆಯಿತು. ಮೂರು ನಾಲ್ಕು ನಿಮಿಷಕ್ಕೆ ತುಟಿಗಳಿಗೆ ಬಣ್ಣ ಬಂತು. ಮುದುಕಿ ಕಣ್ಣು ತೆರೆದಾಗ ಕಂಡದ್ದು ನಕ್ಷೆಗಾರನ ಮುಖ, ತಲೆಕೆಳಗಾಗಿ. ಯಾರಪ್ಪಾ ನೀನು ಎಂದಳು. ಸೊಸೆ ಮುಂದೆ ಬಗ್ಗಿ ಎಲ್ಲ ಹೇಳಿದಳು. ಯಾರದೋ ಬಿಸ್ಕತ್ತು, ಇನ್ಯಾರದೋ ಸಕ್ಕರೆ ಬೆರೆಸಿದ ನೀರು ಜನರ ನಡುವಿನಿಂದ ಬಂದವು. ಒಂದು ಬಿಸ್ಕತ್ತು ತಿಂದು, ಎರಡು ಗುಟುಕು ಕುಡಿದು, ನಿಮಗೆಲ್ಲ ತೊಂದರೆ ಕೊಟ್ಟೆ, ಏಳುತ್ತೇನೆ ಎಂದಳು. ನರ್ಸು ಬೇಡ ಎಂದಳು, ಕಾಲುಗಂಟೆಯಾದರೂ ಹೀಗೇ ಇರಿ. ಸರಿ, ಎಂದಳು ಮುದುಕಿ. ಯಾರೂ ನಿರೀಕ್ಷಿಸದಂತೆ, ತನ್ನ ಮನೆಯ ಮಂಚವೇನೋ ಎಂಬಷ್ಟು ನಿರಾಳವಾಗಿ, ಕೈಯೆರಡನ್ನೂ ಎದೆಯ ಮೇಲೆ ಜೋಡಿಸಿಕೊಂಡು ನಿದ್ದೆ ಹೋದಳು.

ನಿದ್ದೆ ಎಂದು ನರ್ಸು ಎರಡು ಸಲ ನಾಡಿ ನೋಡಿ ಖಾತ್ರಿ ಮಾಡಿಕೊಂಡಳು. ಹಗುರವಾದ ಒಂದು ಗೊರಕೆಯೂ ಶುರುವಾಯಿತು. ನಕ್ಷೆಗಾರ ಅಲುಗಾಡದೆ ಕೂತ. ಬೆಂಚಿನ ಮೇಲೆ ಕೂತು ಮೇಲೆ ನೋಡಿದರೆ ಹಜಾರವೇ ಬೇರೆ. ಕಟ್ಟೆಯ ಮೇಲಿಂದ ಕಂಡದ್ದು ತಲೆಗಳು. ಇಲ್ಲಿಂದ ಕಂಡದ್ದು ಹೊಟ್ಟೆಗಳು, ಬೆಲ್ಟುಗಳು, ಬಳೆಗಳು, ಚೀಲ ಹಿಡಿದು ಬಿಳಿಚಿದ ಬೆರಳ ಗೆಣ್ಣುಗಳು. ಬೆಂಚಿನ ಮುಂದೆ ನಿಂತವರು ತಮ್ಮ ತಮ್ಮಲ್ಲೇ ತೋಳು ಹೆಣೆದುಕೊಂಡು, ಹಿಂದಿನಿಂದ ಬರುವ ಅಲೆಗೆಲ್ಲ ಬೆನ್ನು ಕೊಟ್ಟು ತಡೆಯುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಅವರಲ್ಲೊಬ್ಬ ಅದನ್ನು ಮಾಡುತ್ತಲೇ ಫೋನಿನಲ್ಲಿ ಹೆಂಡತಿಯೊಡನೆ ಗ್ಯಾಸು ಸಿಲಿಂಡರಿನ ವಿಷಯ ಜಗಳವಾಡುತ್ತಿದ್ದ. ಈ ಊರಿನ ಬಗ್ಗೆ, ಈ ಜನರ ಬಗ್ಗೆ, ತನಗೆ ಏನೇನು ಗೊತ್ತಿದೆಯೆಂದು ತಿಳಿದಿದ್ದನೋ ಅದೆಲ್ಲ ಒಂದು ಅಂಗೈಯಗಲದ ನಕ್ಷೆ ಎನಿಸಿತು. ಅವನು ಹೆದರಿದ, ದೊಡ್ಡ ನೀರಿನ ಮುಂದೆ ನಿಂತಾಗ ಹೆದರುವ ಹಾಗೆ. ಓಡಿಹೋಗಬೇಕೆನಿಸುವ ಹೆದರಿಕೆಯಲ್ಲ, ಇನ್ನೂ ಹತ್ತಿರ ಹೋಗಬೇಕೆನಿಸುವ ಹೆದರಿಕೆ. ಜೇಬಿನಲ್ಲಿ ಫೋನು ಗುರುಗುಟ್ಟಿತು. ಎಂಜಿನಿಯರಮ್ಮನೇ ಇರಬೇಕು, ಏಳು ಗಂಟೆಗೆ ಅಂಕಿಗಳು ಬೇಕೆಂದಿದ್ದಳು. ಅಂಕಿಗಳು ಮುದುಕಿಯ ತಲೆಯ ಕೆಳಗಿದ್ದವು. ಬೆಂಚುಗಳು ಆಮೇಲೆ ಏನಾದವು ಎಂಬುದು ಬೇರೆ ಮಾತು: ಮಾರನೆಯ ದಿನ ಅವನು ಜೀವಮಾನದಲ್ಲಿ ಮೊದಲ ಸಲ ಕೇಳಬೇಕಾದ್ದನ್ನು ಕೇಳಿದ, ಎರಡು ಪುಟ ಬರೆದುಕೊಟ್ಟ, ಎಂಜಿನಿಯರಮ್ಮ ಓದಿ ಮೇಲಕ್ಕೆ ಕಳಿಸಿದಳು, ಮೇಲಿನವರು ಮಾತಾಡಿದರು, ಕೊನೆಗೆ ನಾಲ್ಕು ಬೆಂಚು ಹೋದವು, ನಾಲ್ಕು ಉಳಿದವು, ಉಳಿದ ನಾಲ್ಕರ ನಡುಗಂಬಿಗಳನ್ನು ಕೊಯ್ದು ತೆಗೆದರು. ಅದನ್ನು ಗೆಲುವೆಂದು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ. ಆದರೆ ಆ ಸಂಜೆ ಅದ್ಯಾವುದೂ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮಂಡಿ ಸಿಡಿಯುತ್ತಿದೆ, ಕಾಲು ಚಾಚುವ ಹಾಗಿಲ್ಲ, ಚಾಚಿದರೆ ಆಕೆಗೆ ಎಚ್ಚರವಾಗುತ್ತದೆ, ಅಷ್ಟು.

ಏಳೂಕಾಲು ದಾಟಿದ ಮೇಲೆ ಧ್ವನಿವರ್ಧಕ ಮತ್ತೆ ಗೊರಗೊರ ಎಂದಿತು. ತಂತಿ ಸರಿಯಾಗಿದೆ, ಮೊದಲ ರೈಲು ಬರುತ್ತಿದೆ, ಹಿಂದೆಯೇ ಇನ್ನೊಂದಿದೆ, ನೂಕಬೇಡಿ. ಎರಡು ತಾಸು ಬಿಗಿಹಿಡಿದದ್ದು ಸಡಿಲಾಯಿತು. ರೈಲಿನ ಸದ್ದು ಕೇಳಿದ್ದೇ ಹಜಾರ ಪ್ಲಾಟ್‌ಫಾರ್ಮಿನ ಕಡೆ ವಾಲಿತು. ಬೆಂಚಿನ ಮುಂದೆ ತೋಳು ಹೆಣೆದು ನಿಂತವರು ಕೊನೆಯ ತನಕ ನಿಂತಿದ್ದು, ಜನ ತೆಳುವಾದ ಮೇಲೆ ತೋಳು ಬಿಡಿಸಿಕೊಂಡು, ಒಬ್ಬರನ್ನೊಬ್ಬರು ನೋಡದೆ ಓಡಿದರು. ಸೊಸೆ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು, ಎಬ್ಬಿಸುತ್ತೇನೆ, ನಿಮಗೆಲ್ಲ ರೈಲು ತಪ್ಪುತ್ತದೆ ಎಂದು ಕೈ ಚಾಚಿದಳು.

“ಬೇಡಮ್ಮ, ಮಲಗ್ಲಿ,” ಎಂದಳು ಕ್ಯಾಂಟೀನಿನವಳು. “ಎಷ್ಟು ದಿನದ ನಿದ್ದೆಯೋ.”

ಅವಳಿಗೆ ಮನೆಯಲ್ಲಿ ಇನ್ನೊಂದು ಅಡುಗೆ ಕಾದಿತ್ತು. ತುಸು ಮುಂಚೆಯಷ್ಟೇ ಹೇಳಿದ್ದಳು. ಲಿಫ್ಟಿನವನು ನಸುಕಿಗೆದ್ದು ಮತ್ತೆ ಕೆಲಸಕ್ಕೆ ಹೋಗಬೇಕಿತ್ತು. ಮೇಷ್ಟ್ರು ತಿದ್ದಬೇಕಾದ ಉತ್ತರಪತ್ರಿಕೆಗಳು ಮುದುಕಿಯ ಹಿಮ್ಮಡಿಯ ಕೆಳಗಿದ್ದವು. ಯಾರಾದರೊಬ್ಬರು ಏಳಬಹುದಿತ್ತು, ಎದ್ದಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ನಕ್ಷೆಗಾರ ಸಾಲಿನುದ್ದಕ್ಕೂ ನೋಡಿದ. ಮೂವರೂ ಎದುರುಗಡೆ ದೃಷ್ಟಿ ನೆಟ್ಟು ಕೂತಿದ್ದರು, ಎರಡು ತಾಸು ಕಾದ ರೈಲು ತಮ್ಮ ಕಣ್ಣೆದುರೇ ತುಂಬಿಕೊಳ್ಳುವುದನ್ನು ನೋಡುತ್ತ. ಒಬ್ಬರನ್ನೊಬ್ಬರು ಕೇಳಿರಲಿಲ್ಲ. ನರ್ಸು ಗಡಿಯಾರ ನೋಡಿಕೊಂಡಳು, ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು, ವಾಪಸು ಬಂದು ಮುದುಕಿಯ ಮಣಿಕಟ್ಟು ಹಿಡಿದು ನಿಂತಳು. ರೈಲಿನ ಬಾಗಿಲುಗಳು ಮುಚ್ಚಿದವು. ದೀಪ ಹತ್ತಿದ ಒಂದೊಂದು ಕಿಟಕಿಯೂ ಮುಖಗಳನ್ನು ತುಂಬಿಕೊಂಡು ಹಜಾರದ ಗಾಜಿನ ಆಚೆ ಹಾದುಹೋಯಿತು, ಮೊದಲು ನಿಧಾನ, ಆಮೇಲೆ ಜೋರು, ಆಮೇಲೆ ಇಲ್ಲ.

ಅಷ್ಟು ದೊಡ್ಡ ಹಜಾರ ಅಷ್ಟು ಖಾಲಿಯಾಗಿ ಅವನು ಕಂಡಿರಲಿಲ್ಲ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಮುಂದಿನ ರೈಲಿಗೆ ಆಗಲೇ ಸಾಲು ಕಟ್ಟಿದ್ದರು. ಒಳಗೆ ಹಾಸುಗಲ್ಲುಗಳ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. ಯಾರದೋ ಒಂದು ಚಪ್ಪಲಿ, ಒಂದು ಕೊಡೆ. ನಲವತ್ತನಾಲ್ಕು ಆಸನಗಳು ಖಾಲಿ, ಒಂದರಲ್ಲೂ ಆಕೆ ಮಲಗುವ ಹಾಗಿರಲಿಲ್ಲ. ಮಲಗಿದ್ದ ಜಾಗ ಇದೊಂದೇ. ನಕ್ಷೆಗಾರನಿಗೆ ಅಳು ಬರಲಿಲ್ಲ. ಬರುವ ಹಾಗಿದ್ದದ್ದು ಇನ್ನೂ ಆಳಕ್ಕೆ ಹೋಗಿ ಕೂತಿತು. ಅವನ ಅಂಗೈಯ ಮೇಲೆ ಆ ಬಿಳಿ ತಲೆ ಒಂದೇ ಸಮನೆ ಬೆಚ್ಚಗಿತ್ತು, ಉಸಿರಾಡಿದಾಗಲೆಲ್ಲ ಕೂದಲೆಳೆಯಷ್ಟು ಅಲುಗುತ್ತಿತ್ತು.

“ಮುಂದಿನದು ಎಷ್ಟೊತ್ತಿಗೆ?” ಎಂದ ಲಿಫ್ಟಿನವನು, ಪಿಸುದನಿಯಲ್ಲಿ.

“ಹನ್ನೆರಡು ನಿಮಿಷ,” ಎಂದರು ಮೇಷ್ಟ್ರು. ಹಿಮ್ಮಡಿಯ ಕೆಳಗಿನ ಕಂತೆಯನ್ನು ಒತ್ತಿ ಹಿಡಿದು, “ಅದಾದ ಮೇಲೂ ಒಂದಿದೆ,” ಎಂದರು.

ಮುದುಕಿ ನಿದ್ದೆಯಲ್ಲೇ ಏನೋ ಗೊಣಗಿ ಮಗ್ಗುಲಾಗಲು ಹೊರಳಿದಳು. ಎಂಟು ಕೈಗಳು ಒಟ್ಟಿಗೆ ಎದ್ದು, ಅವಳು ಹೊರಳಿ ಮುಗಿಸುವ ತನಕ ಅಂಚುಗಟ್ಟಿ ನಿಂತವು.